ಬಸ್ಸಿನಲ್ಲೇ ಪೊಸಡಿಗುಂಪೆ: ಗಡಿನಾಡಿನ ಗುಡ್ಡಕ್ಕೆ ಒಂದು ಬೆಳಗಿನ ನಡಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ದೊಡ್ಡ ಬೆಟ್ಟವೇನೂ ಅಲ್ಲ. ಸಮುದ್ರಮಟ್ಟದಿಂದ ಸುಮಾರು 1060 ಅಡಿ ಎತ್ತರ, ಅಷ್ಟೆ. ಇದನ್ನು ಚಾರಣ ಅಂತ ಕರೆದರೆ ಕೊಡಗಿನವರು ನಕ್ಕಾರು. ಆದರೆ ಇಲ್ಲಿಂದ ಪಡುವಣಕ್ಕೆ ಕಡಲಿನವರೆಗೆ ಅಡ್ಡ ಬರುವ ಎತ್ತರದ ಗುಡ್ಡ ಇಲ್ಲ. ಹಾಗಾಗಿ ತುದಿಯಲ್ಲಿ ನಿಂತರೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಆಕಾಶ ತಿಳಿಯಾಗಿದ್ದರೆ ಕುದುರೆಮುಖದ ಸಾಲು. ಮಕ್ಕಳು, ಅರವತ್ತು ದಾಟಿದವರು, ವ್ಯಾಯಾಮ ಬಿಟ್ಟು ವರ್ಷಗಳಾದವರು ಎಲ್ಲರೂ ಹತ್ತಬಹುದಾದ ಜಾಗ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೈಕು, ಕಾರಿನಲ್ಲೇ ಬರುತ್ತಾರೆ. ಬಸ್ಸಿನಲ್ಲೂ ಆರಾಮವಾಗಿ ಹೋಗಿ ಬರಬಹುದು. ಒಂದೇ ಒಂದು ಷರತ್ತು: ಗುಡ್ಡದ ಲೆಕ್ಕ ಹಾಕುವ ಮೊದಲು ಬಸ್ಸಿನ ಲೆಕ್ಕ ಹಾಕಬೇಕು. ಅದೂ ಹೋಗುವ ಬಸ್ಸಿನದ್ದಲ್ಲ, ವಾಪಸು ಬರುವ ಬಸ್ಸಿನದ್ದು.

ಸೂರ್ಯಾಸ್ತದ ಆಸೆ ಬಿಡಿ

ಪೊಸಡಿಗುಂಪೆ ಅಂದ ಕೂಡಲೇ ಜನ ಸೂರ್ಯಾಸ್ತದ ಫೋಟೋ ತೋರಿಸುತ್ತಾರೆ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಬಸ್ಸಿನಲ್ಲಿ ಬಂದವರಿಗೆ ಅದು ಸರಿ ಹೊಂದುವುದಿಲ್ಲ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಆಮೇಲೆ ಕತ್ತಲಲ್ಲಿ ಉರುಳುವ ಕಲ್ಲುಗಳ ಮೇಲೆ ಇಳಿಯಬೇಕು, ರಸ್ತೆಗೆ ಬರಬೇಕು, ಅಷ್ಟು ಹೊತ್ತಿಗೆ ಹಳ್ಳಿ ದಾರಿಯಲ್ಲಿ ಬಸ್ಸು ಸಿಗಬೇಕು. ಸಿಕ್ಕರೂ ಸಿಗಬಹುದು. ಆ ನಂಬಿಕೆಯ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಬೇಡ.

ಬೆಳಗ್ಗೆ ಹೋಗಿ. ಇದಕ್ಕೆ ಬಸ್ಸು ಮಾತ್ರ ಕಾರಣವಲ್ಲ. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ, ಬೆಳಕು ನೇರ ಕಡಲಿನ ಮೇಲೆ ಬೀಳುತ್ತದೆ. ಸಂಜೆ ಬಿಸಿಲು ಕಣ್ಣಿಗೆ ಹೊಡೆದು ಕಡಲು ಬರೀ ಬೆಳ್ಳಿ ತಗಡಿನ ಹಾಗೆ ಕಾಣುತ್ತದೆ. ಬೆಳಗ್ಗೆಯಾದರೆ ತೆಂಗಿನ ತೋಟ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬ ಗೆರೆ ಸಹ ಗೊತ್ತಾಗುತ್ತದೆ. ಹನ್ನೊಂದು ಗಂಟೆಯ ಮೇಲೆ ಮಬ್ಬು ಕವಿಯುತ್ತದೆ, ಸೆಕೆಯೂ ಜಾಸ್ತಿ. ಎಂಟೂವರೆ, ಒಂಬತ್ತರ ಒಳಗೆ ತುದಿ ಮುಟ್ಟುವ ಹಾಗೆ ಹೊರಡಿ.

ಯಾವ ತಿಂಗಳು?

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ನನ್ನ ಮೊದಲ ಆಯ್ಕೆ. ಮಳೆಗೆ ತೊಳೆದ ಗಾಳಿ, ದೂರದ ಬೆಟ್ಟ ಸ್ಪಷ್ಟ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಜನವರಿ, ಫೆಬ್ರವರಿಗೆ ಮುಳಿಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ಹಿಂದೆ ಈ ಕಡೆಯ ಮನೆಗಳ ಮಾಡಿಗೆ ಹೊದಿಸುತ್ತಿದ್ದದ್ದು ಇದೇ ಮುಳಿ. ಮಾರ್ಚಿನಿಂದ ಮೇ ತನಕ ಸೆಕೆ, ನೆರಳಿಲ್ಲ, ನಾನಾದರೆ ಹೋಗುವುದಿಲ್ಲ.

ಮಳೆಗಾಲದ ವಿಷಯ ಬೇರೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್, ಜುಲೈ, ಆಗಸ್ಟಿನಲ್ಲೇ. ಜೋರು ಮಳೆ ದಿನ ಗುಡ್ಡದ ಮೇಲೆ ನಿಂತರೆ ಮಂಜು ಬಿಟ್ಟು ಏನೂ ಕಾಣುವುದಿಲ್ಲ, ಕಲ್ಲು ಪಾಚಿಗಟ್ಟಿ ಜಾರುತ್ತದೆ. ಆದರೆ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಮಳೆ ಬಿಟ್ಟರೆ ಅವಕಾಶ ಬಿಡಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಹೆದ್ದಾರಿ ತನಕ ಒಂದು ಬಸ್ಸು

ಮಂಗಳೂರು ಮತ್ತು ಕಾಸರಗೋಡಿನ ನಡುವೆ ಸುಮಾರು 50 ಕಿ.ಮೀ. ದೂರ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಬೆಳಗ್ಗಿನಿಂದಲೇ ಓಡುತ್ತಿರುತ್ತವೆ. ಮಂಗಳೂರಿನಿಂದ ಬರುವವರಿಗೆ ತಲಪಾಡಿ ಗಡಿ, ಹೊಸಂಗಡಿ, ಉಪ್ಪಳ, ಕೈಕಂಬ ದಾಟಿದ ಮೇಲೆ ಬಂದ್ಯೋಡು. ಇಳಿಯಬೇಕಾದದ್ದು ಅಲ್ಲಿ. ಕಾಸರಗೋಡಿನಿಂದ ಬರುವವರಿಗೆ ಕುಂಬಳೆಯ ನಂತರ ಬಂದ್ಯೋಡು. ಹತ್ತುವ ಮೊದಲೇ ಬಂದ್ಯೋಡಿನಲ್ಲಿ ನಿಲ್ಲಿಸುತ್ತಾರಾ ಅಂತ ಕಂಡಕ್ಟರಲ್ಲಿ ಕೇಳಿಕೊಳ್ಳಿ, ಎಲ್ಲ ಬಸ್ಸೂ ಎಲ್ಲ ಕಡೆ ನಿಲ್ಲುವುದಿಲ್ಲ. ಹೆದ್ದಾರಿ ಅಗಲವಾದ ಮೇಲೆ ಬಸ್ಸುಗಳು ನಿಲ್ಲುವುದು ಸರ್ವಿಸ್ ರಸ್ತೆಯಲ್ಲಿ. ಹಳೆಯ ನೆನಪಿನಲ್ಲಿ ಮುಖ್ಯ ರಸ್ತೆ ಬದಿ ಕೈ ತೋರಿಸುತ್ತಾ ನಿಂತರೆ ಬಸ್ಸು ಕಣ್ಣೆದುರೇ ಹಾದು ಹೋಗುತ್ತದೆ.

ಕರ್ನಾಟಕದ ಹೆಣ್ಣುಮಕ್ಕಳಿಗೆ ಒಂದು ಮಾತು. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗೆ ಮಾತ್ರ. ಗಡಿ ದಾಟುವ ಈ ಬಸ್ಸಿಗೆ ಟಿಕೆಟ್ ತೆಗೆಯಲೇಬೇಕು, ಅದು ಕರ್ನಾಟಕದ ಬಸ್ಸೇ ಆಗಿರಲಿ.

ರೈಲಿನಲ್ಲಿ ಬರುವುದಾದರೆ ಉಪ್ಪಳ ಅಥವಾ ಕುಂಬಳೆಯಲ್ಲಿ ಇಳಿದು ಬಂದ್ಯೋಡಿಗೆ ಬಸ್ಸು ಹಿಡಿಯಬಹುದು. ಆದರೆ ಸಣ್ಣ ಸ್ಟೇಷನ್‌ಗಳಲ್ಲಿ ಎಲ್ಲ ರೈಲು ನಿಲ್ಲುವುದಿಲ್ಲ. ವಿಟ್ಲ ಕಡೆಯವರು ಇಷ್ಟು ಸುತ್ತಬೇಕಾಗಿಲ್ಲ. ಕನ್ಯಾನ ದಾರಿಯಾಗಿ ಬಾಯಾರಿಗೆ ಬಂದು ಅಲ್ಲಿಂದ ಆಟೋ ಹಿಡಿದರೆ ಆಯಿತು.

ಬಂದ್ಯೋಡಿನಿಂದ ಒಳದಾರಿ

ಇಲ್ಲಿಂದ ನಿಮ್ಮ ಬಸ್ಸು ಖಾಸಗಿಯದ್ದು. ಬಂದ್ಯೋಡಿನಿಂದ ಪೆರ್ಮುದೆ ಆಗಿ ಧರ್ಮತ್ತಡ್ಕಕ್ಕೆ ಹೋಗುವ ದಾರಿ. ಕೇರಳದ ಖಾಸಗಿ ಬಸ್ಸುಗಳಿಗೆ ಬಣ್ಣದ ನಿಯಮ ಇದೆ, ಹಳ್ಳಿ ದಾರಿಯ ಆರ್ಡಿನರಿ ಬಸ್ಸು ತಿಳಿನೀಲಿ. ಬೋರ್ಡು ಮಲಯಾಳದಲ್ಲಿ ಇದ್ದರೆ ತಲೆಬಿಸಿ ಬೇಡ, ಕೇಳಿದರೆ ಆಯಿತು. ಕನ್ನಡ ಹೆಚ್ಚಿನವರಿಗೆ ಬರುತ್ತದೆ. ತುಳುವಿನಲ್ಲಿ ‘ಧರ್ಮತ್ತಡ್ಕ ಪೋಪುಂಡಾ?’ ಅಂದರೆ ಸೀಟು ಸಹ ತೋರಿಸಿಯಾರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಅದಕ್ಕೆ ಮೊದಲು ಮಂಗಳೂರಿನ ಜತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಬಸ್ಸಿನೊಳಗಿನ ಮಾತು ಕೇಳಿದರೆ ಆ ಗೆರೆ ಎಲ್ಲಿ ಎಳೆದರು ಅಂತಲೇ ಗೊತ್ತಾಗುವುದಿಲ್ಲ. ಒಂದೇ ಸೀಟಿನಲ್ಲಿ ತುಳು, ಬ್ಯಾರಿ, ಹವ್ಯಕ ಕನ್ನಡ, ಮಲಯಾಳ ಎಲ್ಲ ಸಿಗುತ್ತದೆ.

ಟಿಕೆಟಿಗೆ ಚಿಲ್ಲರೆ ಇಟ್ಟುಕೊಳ್ಳಿ. 2022ರ ಮೇ 1ರಿಂದ ಕೇರಳದಲ್ಲಿ ಆರ್ಡಿನರಿ ಬಸ್ಸಿನ ಕನಿಷ್ಠ ದರ 10 ರೂಪಾಯಿ. ಬೆಳಗ್ಗೆಯೇ 500ರ ನೋಟು ಚಾಚಿದರೆ ಕಂಡಕ್ಟರ್ ಮುಖ ನೋಡಬೇಕಾಗುತ್ತದೆ.

ಬಂದ್ಯೋಡಿನಿಂದ ಧರ್ಮತ್ತಡ್ಕಕ್ಕೆ ಮುಕ್ಕಾಲು ಗಂಟೆ ಅಂತ ಹಿಡಿಯಿರಿ. ರಸ್ತೆ ಏರುತ್ತಾ, ತಿರುಗುತ್ತಾ ಹೋಗುತ್ತದೆ. ಕಿಟಕಿ ಸೀಟು ಸಿಕ್ಕರೆ ಒಂದು ವಿಷಯ ಗಮನಿಸಿ. ತಗ್ಗಿನಲ್ಲೆಲ್ಲ ಅಡಿಕೆ ತೋಟ, ಬದಿಯ ಇಳಿಜಾರಿನಲ್ಲಿ ಗೇರು, ರಬ್ಬರು, ಮೇಲೆ ಬೋಳು ಪದವು, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲು. ನೀರು ಎಲ್ಲಿದೆಯೋ ಅಲ್ಲಿ ತೋಟ, ಇಲ್ಲದ ಕಡೆ ಬರೀ ಕಲ್ಲು. ಗುಡ್ಡದ ಮೇಲಿನಿಂದ ನೋಡುವಾಗ ಇದೇ ನಕ್ಷೆ ಮತ್ತೆ ಕಾಣುತ್ತದೆ, ಈಗಲೇ ಕಣ್ಣಿಗೆ ಅಭ್ಯಾಸ ಮಾಡಿಸಿಕೊಳ್ಳಿ.

ಇಳಿಯುವ ಮೊದಲು ಮಾಡಬೇಕಾದ ಮುಖ್ಯ ಕೆಲಸ: ಕಂಡಕ್ಟರಲ್ಲಿ ವಾಪಸು ಬಸ್ಸಿನ ಸಮಯ ಕೇಳುವುದು. ‘ಮಧ್ಯಾಹ್ನ ಎಷ್ಟು ಗಂಟೆಗೆ ಬಸ್ಸು ಉಂಟು? ಅದು ತಪ್ಪಿದರೆ ಮತ್ತೆ ಯಾವಾಗ?’ ಎರಡೂ ಸಮಯ ಫೋನಿನಲ್ಲಿ ಬರೆದುಕೊಳ್ಳಿ. ಬೆಳಗ್ಗೆ, ಸಂಜೆ ಶಾಲೆ, ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಬಸ್ಸು ಬೇಗ ಬೇಗ ಇರುತ್ತದೆ, ನಡು ಮಧ್ಯಾಹ್ನ ದೊಡ್ಡ ಬಿಡುವು. ಭಾನುವಾರ ಕೆಲವು ಟ್ರಿಪ್ಪೇ ಇರುವುದಿಲ್ಲ. ಹಾಗಾಗಿ ಬಸ್ಸಿನಲ್ಲಿ ಹೋಗುವವರಿಗೆ ಶನಿವಾರ ಒಳ್ಳೆಯದು. ಇನ್ನೊಂದು, ಹಿಂದಿನ ರಾತ್ರಿ ಸುದ್ದಿ ನೋಡಿ ಹೊರಡಿ. ಕೇರಳದಲ್ಲಿ ಹರತಾಳ ಅಂತ ಕರೆ ಕೊಟ್ಟರೆ ಬಸ್ಸು, ಅಂಗಡಿ, ಆಟೋ ಯಾವುದೂ ಇರುವುದಿಲ್ಲ. ಖಾಸಗಿ ಬಸ್ಸಿನವರ ಮುಷ್ಕರವೂ ಆಗಾಗ ಇರುತ್ತದೆ.

ಧರ್ಮತ್ತಡ್ಕದಿಂದ ಬುಡಕ್ಕೆ

ಧರ್ಮತ್ತಡ್ಕ ಸಣ್ಣ ಪೇಟೆ. ಕೊನೆಯ ಅಂಗಡಿ ಇದೇ ಅಂದುಕೊಂಡು ನೀರು, ತಿಂಡಿ ಇಲ್ಲೇ ಕಟ್ಟಿಸಿಕೊಳ್ಳಿ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ, ಮೇಲೆ ಹೋಟೆಲು ಹುಡುಕುವ ಯೋಚನೆ ಬೇಡ.

ಪೊಸಡಿಗುಂಪೆಗೆ ದಾರಿ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ, ಬರೀ ‘ಗುಂಪೆ’ ಅಂದರೂ ಸಾಕು. ಗುಡ್ಡದ ಬುಡದ ತನಕ ಡಾಂಬರು ರಸ್ತೆ ಇದೆ. ನಡೆಯಬಹುದು, ಆಟೋದಲ್ಲೂ ಹೋಗಬಹುದು. ನನ್ನ ಸಲಹೆ ಕೇಳಿದರೆ, ಹೋಗುವಾಗ ನಡೆಯಿರಿ. ಬೆಳಗ್ಗೆ ತಂಪು ಇರುತ್ತದೆ, ಕಾಲಿಗೂ ಅಭ್ಯಾಸವಾಗುತ್ತದೆ. ಹಿರಿಯರು ಜತೆಗಿದ್ದರೆ ಅವರನ್ನು ಆಟೋದಲ್ಲಿ ಕಳಿಸಿ, ಶಕ್ತಿ ಗುಡ್ಡಕ್ಕೆ ಉಳಿಯಲಿ. ಆಟೋದವರ ನಂಬರ್ ತೆಗೆದುಕೊಂಡಿರಿ. ವಾಪಸು ಬಸ್ಸಿಗೆ ಹೊತ್ತಾಯಿತು ಅನ್ನುವಾಗ ಆ ನಂಬರೇ ನಿಮ್ಮನ್ನು ಉಳಿಸುವುದು.

ದಾರಿ ಬದಿಯ ಮನೆಗಳ ಹಿಂದೆ, ಗುಡ್ಡದ ಮೈಯಲ್ಲಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲದ ಕತ್ತಲೆಯ ಬಾಯಿ ಕಂಡರೆ ಅದು ಸುರಂಗ. ಬಾವಿಯನ್ನು ಕೆಳಗೆ ತೋಡುತ್ತೇವೆ, ಸುರಂಗವನ್ನು ಅಡ್ಡಕ್ಕೆ ಕೊರೆಯುತ್ತಾರೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಒಳಗೆ ನೀರಿನ ಒಸರು ಸಿಗುವ ತನಕ ಅಗೆದುಕೊಂಡು ಹೋಗಿ, ಆ ನೀರನ್ನು ಸಣ್ಣ ಕಾಲುವೆ ಮಾಡಿ ಹೊರಗಿನ ಕೊಳಕ್ಕೆ ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು ಸುತ್ತಮುತ್ತ ಇಂಥ ಸುರಂಗಗಳು ತುಂಬ ಇವೆ. ನೋಡಬೇಕು ಅಂತ ಆಸೆಯಾದರೆ ಮನೆಯವರನ್ನು ಕೇಳಿ, ಹೊರಗಿನಿಂದ ನೋಡಿ. ಅದು ಅವರ ಕುಡಿಯುವ ನೀರು, ಕಾಲು ಹಾಕುವ ಜಾಗವಲ್ಲ.

ಹತ್ತುವುದು

ಬುಡದಿಂದ ತುದಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಜೋರು ಕಾಲಿನವರಿಗೆ ಅಷ್ಟೂ ಬೇಡ, ಮಕ್ಕಳಿದ್ದರೆ ಜಾಸ್ತಿ ಬೇಕು. ಜನ ನಡೆದು ಸವೆದ ಕಾಲುದಾರಿ ಹುಲ್ಲಿನ ನಡುವೆ ಕೆಂಪಗೆ ಕಾಣುತ್ತದೆ. ಅದನ್ನು ಬಿಟ್ಟು ಅಡ್ಡದಾರಿ ಹಿಡಿಯಬೇಡಿ. ಅದರಿಂದ ಉಳಿಯುವುದು ಐದು ನಿಮಿಷ, ಹುಲ್ಲಿನೊಳಗೆ ಏನಿದೆ ಅಂತ ಕಾಣುವುದಿಲ್ಲ.

ಇಲ್ಲಿ ಕಾಲಿಗೆ ಸಿಗುವುದು ಮುರಕಲ್ಲು. ಮಳೆನೀರು ಸಾವಿರಾರು ವರ್ಷ ಇಳಿದಿಳಿದು ಕಲ್ಲಿನೊಳಗಿನ ಸಿಲಿಕಾ ತೊಳೆದು ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಂಡ ಕಲ್ಲು ಇದು. ಕೆಂಪು ಬಣ್ಣ ಆ ಕಬ್ಬಿಣದ್ದೇ. ನೆಲದೊಳಗೆ ಇರುವಾಗ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಮನೆಯ ಗೋಡೆಗಳೆಲ್ಲ ಇದರಿಂದಲೇ ಎದ್ದದ್ದು. ನಡೆಯುವವರಿಗೆ ಇದರಲ್ಲಿ ಎರಡು ತೊಂದರೆ. ಒದ್ದೆಯಾದರೆ ಜಾರುತ್ತದೆ. ಒಣಗಿದಾಗ ಮೇಲೆ ಗೋಲಿಯಂಥ ಪುಡಿಕಲ್ಲು ಹರಡಿರುತ್ತದೆ, ಇಳಿಯುವಾಗ ಕಾಲಡಿ ಉರುಳುತ್ತದೆ. ಇಲ್ಲಿ ಬೀಳುವವರೆಲ್ಲ ಬೀಳುವುದು ಇಳಿಯುವಾಗಲೇ. ಹಿಮ್ಮಡಿ ಊರಿ, ಸಣ್ಣ ಹೆಜ್ಜೆ ಹಾಕಿ, ಫೋನು ಜೇಬಿನಲ್ಲಿರಲಿ. ಚಪ್ಪಲಿ ಸಾಲದು, ತಳದಲ್ಲಿ ಹಲ್ಲಿರುವ ಶೂ ಬೇಕು.

ಮಳೆ ಬಿಟ್ಟ ಸೆಪ್ಟೆಂಬರಿನಲ್ಲಿ ಬಂದರೆ ತಲೆ ಎತ್ತಿ ಕಡಲು ನೋಡುವ ಮೊದಲು ತಲೆ ತಗ್ಗಿಸಿ ಕಲ್ಲು ನೋಡಿ. ಈ ಕಡೆಯ ಮುರಕಲ್ಲು ಪದವುಗಳಲ್ಲಿ ಮಣ್ಣು ಅಂತ ಇರುವುದು ಎರಡು ಬೆರಳು ದಪ್ಪ. ಅದರಲ್ಲಿ ಸತ್ವ ಇಲ್ಲ. ಆದರೂ ನೀರು ನಿಂತ ಹಾಸುಗಲ್ಲಿನ ಮೇಲೆ ಉಗುರಿನಷ್ಟು ಸಣ್ಣ ನೀಲಿ ಹೂ ಒತ್ತೊತ್ತಾಗಿ ಏಳುತ್ತದೆ. ಯುಟ್ರಿಕ್ಯುಲೇರಿಯಾ ಅದರ ಶಾಸ್ತ್ರೀಯ ಹೆಸರು. ಮಲಯಾಳದವರು ಕಾಕ್ಕಪ್ಪೂ ಅನ್ನುತ್ತಾರೆ, ಓಣಂ ಹೂವಿನ ರಂಗೋಲಿಗೆ ಕೀಳುತ್ತಾರೆ. ಮುದ್ದಾಗಿ ಕಂಡರೂ ಅದು ಮಾಂಸಾಹಾರಿ. ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಚಿಕ್ಕ ಚೀಲಗಳಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ತಾಗಿದರೆ ಬಾಯಿ ತೆರೆದು ನೀರಿನ ಜತೆ ಒಳಗೆ ಎಳೆದುಕೊಳ್ಳುತ್ತವೆ. ಪಕ್ಕದಲ್ಲೇ ಡ್ರೊಸೆರಾ ಸಿಗಬಹುದು. ಅದರ ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಗೆ ಒಂದು ಅಂಟಿನ ಹನಿ. ಬಿಸಿಲಿಗೆ ಮಿನುಗುವಾಗ ಇಬ್ಬನಿ ಅಂದುಕೊಂಡು ನೊಣ ಬಂದು ಕೂರುತ್ತದೆ. ಆಮೇಲೆ ಏಳುವುದಿಲ್ಲ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಈ ಗಿಡಗಳು ಹುಳದಿಂದ ತೆಗೆದುಕೊಳ್ಳುತ್ತವೆ. ಇದನ್ನು ಮಕ್ಕಳಿಗೆ ತೋರಿಸಿ, ಸೂರ್ಯಾಸ್ತ ಯಾರಿಗೂ ನೆನಪಾಗುವುದಿಲ್ಲ. ಒಂದು ಸಣ್ಣ ಭೂತಗನ್ನಡಿ ಇಟ್ಟುಕೊಂಡು ಬನ್ನಿ. ಹೂ ಇರುವ ಹಾಸುಗಲ್ಲಿನ ಮೇಲೆ ಮಾತ್ರ ನಡೆಯಬೇಡಿ.

ತುದಿಯಲ್ಲಿ

ಪಡುವಣಕ್ಕೆ ಸಮುದ್ರ. ವಾಯುವ್ಯಕ್ಕೆ, ಕಡಲ ಗೆರೆ ಹಿಡಿದು ಹೋದರೆ ಮಂಗಳೂರು. ಈಶಾನ್ಯಕ್ಕೆ ಘಟ್ಟದ ಸಾಲಿನಲ್ಲಿ ಕುದುರೆಮುಖ. ಅದು ಎಲ್ಲ ದಿನ ಕಾಣುವುದಿಲ್ಲ, ಕಾಣದಿದ್ದರೆ ಬೇಸರ ಬೇಡ. ಕೆಳಗಿನ ಕಣಿವೆ ನೋಡುತ್ತಾ ಕೂರಿ. ಬಸ್ಸಿನಿಂದ ನೋಡಿದ ನಕ್ಷೆ ಈಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಡಿಕೆ ತೋಟದ ಕಡುಹಸಿರು ಎಲ್ಲೆಲ್ಲಿ ಹೊಳೆಯ ಹಾಗೆ ಸುತ್ತಿ ಹರಿದಿದೆಯೋ ಅಲ್ಲೆಲ್ಲ ನೀರಿದೆ.

ಗುಡ್ಡದಲ್ಲಿ ಗುಹೆಗಳಿವೆ. ಜನ ಭಕ್ತಿಯಿಂದ ಕಾಣುವ ಜಾಗ ಅದು. ಸ್ಥಳೀಯರು ಜತೆಗಿಲ್ಲದೆ ಒಳಗೆ ನುಗ್ಗಬೇಡಿ. ಒಳಗೆ ಗಾಳಿಯಾಡುವುದಿಲ್ಲ, ಜಾರುತ್ತದೆ, ಟಾರ್ಚು ಕೈಕೊಟ್ಟರೆ ದಿಕ್ಕು ತಪ್ಪುತ್ತದೆ.

ಗಂಟೆ, ಒಂದೂವರೆ ಗಂಟೆ ಕೂತರೆ ಸಾಕು. ನೆರಳು ಇಲ್ಲದ್ದರಿಂದ ಕೊಡೆ ತುಂಬ ಉಪಯೋಗಕ್ಕೆ ಬರುತ್ತದೆ. ಗಾಳಿ ಜೋರಿದ್ದರೆ ಟೊಪ್ಪಿ.

ಸಿಡಿಲು, ಹಾವು, ಬೆಂಕಿ

ಇವುಗಳಲ್ಲಿ ಹೆದರಬೇಕಾದದ್ದು ಸಿಡಿಲಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಮತ್ತು ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ನಡುವೆ ಎಚ್ಚರ ಇರಲಿ ಅಂತ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಹೇಳುತ್ತದೆ. ಬೋಳು ಗುಡ್ಡದ ತುದಿಯಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನೀವೇ, ಅಲ್ವಾ? ಮೊದಲ ಗುಡುಗು ಕೇಳಿದ ಕೂಡಲೇ ಇಳಿಯಿರಿ. ಮಳೆ ಹನಿ ಬೀಳಲಿ ಅಂತ ಕಾಯಬೇಡಿ. ಒಂಟಿ ಮರದಡಿ ನಿಲ್ಲಬೇಡಿ, ಕೊಡೆ ಬಿಚ್ಚಬೇಡಿ. ರಸ್ತೆ ಬದಿಯ ಮನೆ, ಅಂಗಡಿ ಯಾವುದಾದರೂ ಸರಿ, ಮಾಡಿನ ಕೆಳಗೆ ಸೇರಿಕೊಳ್ಳಿ. ಬೆಳಗ್ಗೆ ಹೋಗಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹುಲ್ಲಿನಲ್ಲಿ ಕೊಳಕುಮಂಡಲ, ನಾಗರ ಇರಬಹುದು. ದಾರಿಯಲ್ಲೇ ನಡೆದರೆ, ಕಲ್ಲಿನ ಸಂದಿಗೆ ಕೈ ಹಾಕದಿದ್ದರೆ ಅವುಗಳ ಪಾಡಿಗೆ ಅವು. ಕಚ್ಚಿದರೆ ಬಟ್ಟೆ ಬಿಗಿದು ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದ ಹಾಗೆ ನೋಡಿಕೊಂಡು 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ. ಉಣುಗು (ರಕ್ತ ಹೀರುವ ಉಣ್ಣೆ) ಹತ್ತುವುದು ಇದಕ್ಕಿಂತ ಸಾಮಾನ್ಯ, ಮನೆಗೆ ಬಂದು ಬಿಸಿನೀರಲ್ಲಿ ಮಿಂದು ಮೊಣಕಾಲಿನ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ.

ಜನವರಿಯಿಂದ ಮುಳಿ ಒಣಗಿರುತ್ತದೆ. ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ಕೆಳಗೆ ಜನರ ಗೇರು ತೋಟಗಳಿವೆ. ಇಲ್ಲಿ ಬೆಂಕಿ ಹಾಕಿ ಅಡುಗೆ ಮಾಡುವ ಗುಂಪುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬುತ್ತಿ ಕಟ್ಟಿಕೊಂಡು ಬರಲು ಏನು ಕಷ್ಟ?

ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರು ನೀರು. ಬಾಳೆಹಣ್ಣು, ನೆಲಗಡಲೆ, ಅವಲಕ್ಕಿ ಥರದ್ದು ಏನಾದರೂ. ಕೊಡೆ, ಟಾರ್ಚು, ಒಂದು ಖಾಲಿ ಚೀಲ ಕಸಕ್ಕೆ. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರಿ. ಇಷ್ಟು ಸಾಕು, ಟೆಂಟು ಗಿಂಟು ಹೊತ್ತುಕೊಂಡು ಬರಬೇಡಿ.

ಇಳಿದ ಮೇಲೆ

ಹನ್ನೊಂದರ ಒಳಗೆ ಇಳಿದು ಧರ್ಮತ್ತಡ್ಕಕ್ಕೆ ಬಂದರೆ ಬರೆದಿಟ್ಟುಕೊಂಡ ಮಧ್ಯಾಹ್ನದ ಬಸ್ಸಿಗೆ ಮೊದಲು ಸ್ವಲ್ಪ ಬಿಡುವಿರುತ್ತದೆ. ಎಲ್ಲಾದರೂ ಪುನರ್ಪುಳಿ (ಕೋಕಂ) ಶರಬತ್ತು ಸಿಕ್ಕರೆ ಬಿಡಬೇಡಿ, ಬಿಸಿಲಲ್ಲಿ ಬಂದವರಿಗೆ ಅದರಷ್ಟು ಹಿತ ಬೇರೆ ಇಲ್ಲ. ಬಸ್ಸು ಬರುವ ಹತ್ತು ನಿಮಿಷ ಮೊದಲೇ ಸ್ಟಾಪಿನಲ್ಲಿರಿ. ಈ ದಾರಿಯ ಬಸ್ಸುಗಳು ತಡವಾಗಿಯೂ ಬರಬಹುದು, ಬೇಗ ಹೋಗಿಯೂ ಬಿಡಬಹುದು. ತಪ್ಪಿತು ಅಂತಾದರೆ ಎರಡನೆಯ ಬಸ್ಸಿಗೆ ಕಾಯಬೇಡಿ. ಪೆರ್ಮುದೆಗೆ ಅಥವಾ ನೇರ ಬಂದ್ಯೋಡಿಗೆ ಆಟೋ ಮಾಡಿ, ನಾಲ್ವರು ಇದ್ದರೆ ಖರ್ಚು ಹಂಚಿಹೋಗುತ್ತದೆ.

ದಿನ ಇನ್ನೂ ಉಳಿದಿದ್ದರೆ ಕುಂಬಳೆಗೆ ಬಂದು ಅನಂತಪುರ ನೋಡಬಹುದು. ಕುಂಬಳೆಯಿಂದ ಬದಿಯಡ್ಕ ದಾರಿಯಲ್ಲಿ ಸುಮಾರು 5 ಕಿ.ಮೀ. ಬದಿಯಡ್ಕದ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿದು ನಡೆಯಿರಿ. ಅದೂ ಮುರಕಲ್ಲಿನ ಬಯಲೇ. ಆ ಕಲ್ಲಿನ ನಡುವೆ ಕೆರೆ, ಕೆರೆಯ ಮಧ್ಯದಲ್ಲಿ ಗುಡಿ. ಅಲ್ಲಿ ದಶಕಗಳ ಕಾಲ ಇದ್ದ ಬಬಿಯ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕಾಣುತ್ತದೆ ಅಂತ ನಂಬಿ ಹೋಗಬೇಡಿ. ಮಧ್ಯಾಹ್ನದ ಪೂಜೆ ಕಳೆದ ಮೇಲೆ ಗುಡಿಯ ಬಾಗಿಲು ಹಾಕಿ ಮತ್ತೆ ಸಂಜೆಗೇ ತೆರೆಯುತ್ತಾರೆ. ಹಾಗಾಗಿ ಗುಡ್ಡ ಮುಗಿಸಿ ನೇರ ಹೋಗುವ ಬದಲು ಕುಂಬಳೆ ಪೇಟೆಯಲ್ಲಿ ಊಟ ಮಾಡಿ, ಕಣಿಪುರದ ಗೋಪಾಲಕೃಷ್ಣ ದೇವಸ್ಥಾನದ ಹೊರಗಿನ ನೆರಳಲ್ಲಿ ಸ್ವಲ್ಪ ಕೂತು ಹೋಗಿ. ಯಕ್ಷಗಾನದ ಹುಚ್ಚಿದ್ದವರಿಗೆ ಹೇಳಬೇಕಾಗಿಲ್ಲ, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ಅನಂತಪುರದಿಂದ ಹೊರಟು ಆರರ ಒಳಗೆ ಕುಂಬಳೆಗೆ ಬಂದರೆ ಸಾಕು. ಹೆದ್ದಾರಿಯ ಬಸ್ಸು ಮಂಗಳೂರಿಗೂ ಕಾಸರಗೋಡಿಗೂ ರಾತ್ರಿಯಾದರೂ ಸಿಗುತ್ತದೆ.